ಸಮುರಾಯ್ ಕಾಲ ಮುಗಿಸಿದ ನಳಿಗೆಯ ಗೀರು

ಜಪಾನಿನ ಯೋಧವರ್ಗ ಸಮುರಾಯ್ ಅಂದಕೂಡಲೇ ಕಣ್ಣಿಗೆ ಕಟ್ಟುವುದು ಕತ್ತಿ. ಹಾಗಾಗಿ ಅವರ ಆಳ್ವಿಕೆಗೆ ಕೊನೆ ಹಾಡಿದ ಬೋಶಿನ್ ಯುದ್ಧವನ್ನು (1868–69) ಕತ್ತಿಯವರು ಕೋವಿಯವರಿಗೆ ಸೋತ ಕಥೆಯೆಂದು ಹೇಳುವುದೇ ರೂಢಿ. ಕೇಳಲು ಚೆನ್ನಾಗಿದೆ, ನಿಜವಲ್ಲ. ಜಪಾನಿಗೆ ಕೋವಿ ಬಂದದ್ದೇ 1543ರಲ್ಲಿ, ಪೋರ್ಚುಗೀಸರ ಜೊತೆ. ಚಕ್ರವರ್ತಿಯ ಹೆಸರಲ್ಲಿ ದೇಶ ಆಳುತ್ತಿದ್ದ ಸೇನಾನಾಯಕ, ಅಂದರೆ ಟೊಕುಗಾವಾ ಮನೆತನದ ಶೋಗನ್‌ನ ಕಾಲಾಳುಗಳಿಗೆ ಫ್ರೆಂಚ್ ಅಧಿಕಾರಿಗಳು ಕವಾಯತು ಕಲಿಸುತ್ತಿದ್ದರು. ಅವನ ಮೇಲೆ ತಿರುಗಿಬಿದ್ದ ಸತ್ಸುಮಾ, ಚೋಶೂ ಸೀಮೆಗಳ ಮುಂದಾಳುಗಳೂ ಸಮುರಾಯ್‌ಗಳೇ. ಕೋವಿ ಎರಡೂ ಕಡೆ ಇತ್ತು. ಎಂಥ ಕೋವಿ ಎಂಬುದೇ ಪ್ರಶ್ನೆ.

ಹಳೆಯ ಕೋವಿಯ ನಳಿಗೆ ಒಳಗೆ ನುಣುಪು. ಬಾಯಿಯಿಂದ ಮದ್ದು ಸುರಿದು, ಸೀಸದ ಉಂಡೆಯನ್ನು ಗಜವೆಂಬ ಸಲಾಕೆಯಿಂದ ತಳ್ಳಬೇಕು. ಸಲೀಸಾಗಿ ಇಳಿಯಲೆಂದು ಉಂಡೆಯನ್ನು ನಳಿಗೆಗಿಂತ ತುಸು ಸಣ್ಣದಾಗಿಯೇ ಎರಕ ಹೊಯ್ಯುತ್ತಿದ್ದರು. ಹಾರಿಸಿದಾಗ ಅದು ಗೋಡೆಗೆ ಅಲ್ಲಿ ಇಲ್ಲಿ ತಾಗುತ್ತ ಬಂದು, ಕೊನೆಗೆ ಯಾವ ಕಡೆ ತಾಗಿತೋ ಅದರ ವಿರುದ್ಧ ದಿಕ್ಕಿಗೆ ವಾಲಿ ಹೋಗುತ್ತಿತ್ತು. ನೂರು ಮೀಟರ್ ದಾಟಿದರೆ ಗುರಿ ದೇವರಿಗೆ ಬಿಟ್ಟದ್ದು.

ನಳಿಗೆಯೊಳಗೆ ಸುರುಳಿ ಗೀರು ಕೊರೆದರೆ ಗುಂಡು ತಿರುಗುತ್ತ ಹೊರಬರುತ್ತದೆ. ತಿರುಗುವ ಬುಗುರಿ ನೆಟ್ಟಗೆ ನಿಲ್ಲುವಂತೆ, ತಿರುಗುವ ಗುಂಡೂ ಮೂತಿ ಮುಂದಾಗಿಯೇ ಹಾರುತ್ತದೆ. ಇದು ಬೇಟೆಗಾರರಿಗೆ ಮೊದಲೇ ಗೊತ್ತಿತ್ತು. ತೊಡಕು ಬೇರೆ: ಗೀರಿಗೆ ಕಚ್ಚುವಷ್ಟು ಬಿಗಿಯಾದ ಗುಂಡನ್ನು ಬಾಯಿಯಿಂದ ಜಡಿದು ಇಳಿಸುವಷ್ಟರಲ್ಲಿ ಶತ್ರು ಮೈಮೇಲೆ ಬಂದಿರುತ್ತಾನೆ. ಫ್ರಾನ್ಸಿನ ಕ್ಲೋಡ್ ಎತಿಯೆನ್ ಮಿನಿಯೆ 1849ರಲ್ಲಿ ಇದಕ್ಕೊಂದು ಉಪಾಯ ಹೂಡಿದ. ಮೊನೆಯುಳ್ಳ ಗುಂಡು, ತಳ ಟೊಳ್ಳು. ಇಳಿಯುವಾಗ ಸಡಿಲ. ಮದ್ದು ಉರಿದಾಗ ಅನಿಲದ ಒತ್ತಡಕ್ಕೆ ಮೆದು ಸೀಸದ ಅಂಚು ಅರಳಿ ಗೀರನ್ನು ಕಚ್ಚುತ್ತದೆ. ಗುರಿ ಮುನ್ನೂರು ಮೀಟರ್‌ಗೂ ಮೀರಿತು. ನಮ್ಮಲ್ಲಿ 1857ರ ದಂಗೆಗೆ ಕಿಡಿಯಾದ, ಕೊಬ್ಬು ಸವರಿದ ತೋಟಾದ ಎನ್‌ಫೀಲ್ಡ್ ಕೋವಿ ಇದೇ ಜಾತಿಯದು.

ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದ ಮೇಲೆ ಮಿಕ್ಕ ಕೋವಿಗಳಿಗೆ ಗಿರಾಕಿ ಬೇಕಿತ್ತು. ಚೋಶೂಗೆ ಕೋವಿ ಮಾರದಂತೆ ಶೋಗನ್ ತಡೆದಿದ್ದ. ಅದೇ ವರ್ಷ ಅವರು ಸತ್ಸುಮಾ ಹೆಸರಲ್ಲಿ, ನಾಗಸಾಕಿಯ ವ್ಯಾಪಾರಿ ಥಾಮಸ್ ಗ್ಲೋವರ್‌ನಿಂದ 7,300 ಕೋವಿ ತರಿಸಿಕೊಂಡರು. ಅದರಲ್ಲಿ 4,300 ಮಿನಿಯೆ ಮಾದರಿಯವು, ಉಳಿದವು ನುಣುಪು ನಳಿಗೆಯವು. ಬದ್ಧ ವೈರಿಗಳಾಗಿದ್ದ ಎರಡು ಸೀಮೆಗಳು ಒಂದಾದದ್ದರಲ್ಲಿ ಈ ವ್ಯಾಪಾರದ ಪಾಲು ಸಣ್ಣದಲ್ಲ.

1868ರ ಜನವರಿ ಕೊನೆಯಲ್ಲಿ ಕ್ಯೋಟೋದ ದಕ್ಷಿಣಕ್ಕೆ, ಟೋಬಾ–ಫುಶಿಮಿಯಲ್ಲಿ ಶೋಗನ್ ಕಡೆಯ ಸುಮಾರು 15,000 ಜನ ಅದರ ಮೂರನೇ ಒಂದು ಪಾಲಿನ ಎದುರು ಸೋತರು. ಇದನ್ನೆಲ್ಲ ಕೋವಿಯ ಖಾತೆಗೆ ಬರೆಯಲು ನಾನು ಒಪ್ಪಲಾರೆ. ಎರಡನೇ ದಿನ ಎದುರು ಪಾಳಯದಲ್ಲಿ ಚಕ್ರವರ್ತಿಯ ಜರತಾರಿ ಬಾವುಟ ಮೇಲೆದ್ದಿತು. ಅದರತ್ತ ಗುಂಡು ಹಾರಿಸಿದವನು ರಾಜದ್ರೋಹಿ! ಶೋಗನ್ ಯೋಶಿನೋಬು ತನ್ನವರನ್ನು ಒಸಾಕಾದಲ್ಲೇ ಬಿಟ್ಟು ರಾತ್ರೋರಾತ್ರಿ ಹಡಗು ಹತ್ತಿದ. ಆಮೇಲೆ ಅವನ ರಾಜಧಾನಿ ಎಡೋದ (ಇಂದಿನ ಟೋಕಿಯೊ) ಕೋಟೆ ಹೋರಾಟವಿಲ್ಲದೆ ಕೈಬದಲಾಯಿತು. ಅತ್ತ ಹೊಸ ಸರ್ಕಾರಕ್ಕೆ ಎದುರು ನಿಂತ ನಾಗಾವೊಕಾ ಸೀಮೆ ತರಿಸಿದ್ದ ಎರಡು ಗ್ಯಾಟ್ಲಿಂಗ್ ಕೋವಿಗಳೂ (ಹಿಡಿ ತಿರುಗಿಸಿದಂತೆ ಒಂದೇ ಸಮನೆ ಗುಂಡು ಹಾರಿಸುವ ಬಹುನಳಿಗೆಯವು) ಆ ಸೀಮೆಯನ್ನು ಉಳಿಸಲಿಲ್ಲ.

ನಿಜವಾದ ಕಷ್ಟ ಕಂಡದ್ದು ಶೋಗನ್ ಪರ ನಿಂತ ಉತ್ತರದ ಐಜು ಸೀಮೆ. ಶರತ್ಕಾಲದಲ್ಲಿ ಅಲ್ಲಿನ ಕೋಟೆಗೆ ಮುತ್ತಿಗೆ ಬಿತ್ತು. ಕೋವಿ ಕಲಿಸುವವರ ಮನೆಯ ಮಗಳು ಯಾಮಾಮೋಟೊ ಯಾಎ ಕೂದಲು ಕತ್ತರಿಸಿ, ತೀರಿಹೋದ ತಮ್ಮನ ಬಟ್ಟೆ ತೊಟ್ಟು, ಸ್ಪೆನ್ಸರ್ ಕೋವಿ ಹಿಡಿದು ಒಳಗೆ ಬಂದಳು. ಅದರ ಹಿಡಿಕೆಯ ಕೊಳವೆಯಲ್ಲಿ ಏಳು ತೋಟಾ. ಬಾಯಿಯಿಂದ ತುಂಬುವವನು ನಿಂತು ಗಜ ಆಡಿಸಬೇಕಾದರೆ, ಇವಳು ಸನ್ನೆಗೋಲು ಎಳೆದರೆ ಮುಂದಿನ ತೋಟಾ ಸಿದ್ಧ. ಆದರೆ ಪಕ್ಕದ ಓದಾಯಾಮಾ ಗುಡ್ಡದ ಮೇಲಿನ ಫಿರಂಗಿಗಳಿಗೆ ಯಾವ ಕೋವಿ ಉತ್ತರ ಕೊಟ್ಟೀತು? ಸಿಡಿಯುವ ಗುಂಡು ಅಂಗಳಕ್ಕೆ ಬಿದ್ದ ಕೂಡಲೇ ಹೆಂಗಸರು ಒದ್ದೆ ಹಾಸಿಗೆ ಹೊತ್ತು ಓಡಿ, ಬತ್ತಿ ಒಳಗಿನ ಮದ್ದು ಮುಟ್ಟುವ ಮೊದಲೇ ಅದುಮಿ ಆರಿಸುತ್ತಿದ್ದರು. ತಡವಾದರೆ ಅಲ್ಲೇ ಸಾವು.

ಒಂದು ತಿಂಗಳು ಹೀಗೆ ತಡೆದು, ನವೆಂಬರ್ 6ರಂದು ಐಜು ಶರಣಾಯಿತು. ಆ ಕೋಟೆಯ ಬುರುಜಿನ ಹಳೆಯ ಫೋಟೊ ಉಳಿದಿದೆ. ಬಿಳಿ ಗೋಡೆಯ ತುಂಬ ತೂತು, ಹೆಂಚು ಕುಸಿದ ಮಾಡು, ಆದರೂ ಬುರುಜು ನಿಂತೇ ಇದೆ. ಹೊಸ ಸರ್ಕಾರ ಅದನ್ನು 1874ರಲ್ಲಿ ಕೆಡವಿಸಿತು.