ಪಡ್ರೆಯ ಸಂಕಟ ಜರ್ನಲ್‌ ಪುಟಕ್ಕೆ ಹೋದ ದಾರಿ

1973ರಲ್ಲಿ ಕಾಸರಗೋಡಿನಿಂದ ಒಂದು ವಿಜ್ಞಾನ ಪತ್ರಿಕೆ ಹೊರಬರತೊಡಗಿತು. ಹೆಸರು ‘ಜರ್ನಲ್ ಆಫ್ ಪ್ಲಾಂಟೇಶನ್ ಕ್ರಾಪ್ಸ್’. ಕೂಡ್ಲಿನ ಸಿಪಿಸಿಆರ್‌ಐ, ಅಂದರೆ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೇ ಅದರ ನೆಲೆ. ತೆಂಗು, ಅಡಿಕೆ, ಗೇರು, ಕೊಕ್ಕೋ. ಯಾವ ತಳಿಗೆ ಇಳುವರಿ ಜಾಸ್ತಿ, ಯಾವ ರೋಗಕ್ಕೆ ಏನು ಮದ್ದು? ಒಬ್ಬ ವಿಜ್ಞಾನಿ ಬರೆದದ್ದನ್ನು ಇನ್ನೊಬ್ಬರು ತೂಗಿ ನೋಡಿ ಒಪ್ಪಿದ ಮೇಲೆ ಅಚ್ಚು. ಆಗಿನ ಕೃಷಿ ಜರ್ನಲ್‌ಗಳ ಕೆಲಸ ಹೆಚ್ಚುಕಡಿಮೆ ಇಷ್ಟೇ ಆಗಿತ್ತು.

ಅದೇ ದಶಕದ ಕೊನೆಗೆ ಕಾಸರಗೋಡಿನ ಕಡೆ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್ ಹಾರತೊಡಗಿತು. ಟೀ ಸೊಳ್ಳೆ ಎಂಬ ಕೀಟ ಕೊಲ್ಲಲು ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಿಂಪಡಣೆ. ಗುಡ್ಡದ ಮೇಲೆ ತೋಟ. ಕೆಳಗೆ ಮನೆ, ಬಾವಿ, ನೀರಿಗೆಂದು ಕೊರೆದ ಸುರಂಗ, ತೋಡು. ಈಗ ಹೇಳಿ, ಇದು ಯಾವ ಜರ್ನಲ್‌ನ ವಿಷಯ? ಕೀಟಶಾಸ್ತ್ರದ್ದೇ, ನೀರಿನದೇ, ಮಕ್ಕಳ ಆರೋಗ್ಯದ್ದೇ? ಒಂದೊಂದಕ್ಕೂ ಬೇರೆ ಬೇರೆ ಪತ್ರಿಕೆಗಳಿದ್ದವು. ಕೆಳಗಿನ ಮನೆಯವನಿಗೆ ಮಾತ್ರ ಎಲ್ಲವೂ ಒಂದೇ ಅಂಗಳದ ಸಂಗತಿ.

1987ರಲ್ಲಿ ವಿಶ್ವಸಂಸ್ಥೆಯ ಬ್ರಂಟ್‌ಲಂಡ್ ಆಯೋಗದ ವರದಿ ಬಂತು. ಮುಂದಿನ ತಲೆಮಾರಿನ ಅಗತ್ಯಕ್ಕೆ ಕುತ್ತು ತರದ ಬೆಳವಣಿಗೆ ಬೇಕು ಎಂದಿತು. 1992ರಲ್ಲಿ ಪರಿಸರ ಮತ್ತು ಅಭಿವೃದ್ಧಿ ಕುರಿತ ರಿಯೊ ಸಮಾವೇಶ ನಡೆಯಿತು. ಅದರ ಬೆನ್ನಿಗೇ ಸುಸ್ಥಿರ ಅಭಿವೃದ್ಧಿಯ ಹೆಸರಿನ ಜರ್ನಲ್‌ಗಳು ಹುಟ್ಟಿದವು. ಹಣ, ಪರಿಸರ, ಜನ ಮೂರನ್ನೂ ಒಟ್ಟಿಗೆ ನೋಡುತ್ತೇವೆ ಎಂಬುದು ಅವುಗಳ ಮಾತು.

ನಮ್ಮಲ್ಲಿ ಆ ಕೆಲಸವನ್ನು ಅಷ್ಟರೊಳಗೆ ಬೇರೆಯವರು ಶುರುಮಾಡಿದ್ದರು. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಅಂಗ ಊನವಾದ ಕರುಗಳು ಹುಟ್ಟುತ್ತಿದ್ದುದನ್ನು ಕಂಡು ಪತ್ರಕರ್ತ ಶ್ರೀಪಡ್ರೆ ಬರೆದದ್ದು 1980ರ ದಶಕದ ಆರಂಭದಲ್ಲೇ. ಅದೇ ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ನೋಡುತ್ತಾ ನೋಡುತ್ತಾ ಅನುಮಾನಪಟ್ಟರು. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಕಾಯಿಲೆ ಯಾಕೆ? 1990ರ ದಶಕದಲ್ಲಿ ಕೇರಳದ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬರೆದು, ಯಾರಾದರೂ ಬಂದು ತನಿಖೆ ಮಾಡಿ ಎಂದು ಕೇಳಿಕೊಂಡರು. ಹಳ್ಳಿ ಡಾಕ್ಟರೊಬ್ಬರು ಜರ್ನಲ್‌ಗೆ ಉತ್ತರ ಕೊಡಲಿಲ್ಲ, ಪ್ರಶ್ನೆ ಕೊಟ್ಟರು. ಇಡೀ ಕತೆಯಲ್ಲಿ ನನಗೆ ತುಂಬ ದೊಡ್ಡದಾಗಿ ಕಾಣುವುದು ಇದೇ.

ಆಮೇಲೆ ಸಾಕ್ಷ್ಯದ ಜಗಳ. ಅದೇ ಜಿಲ್ಲೆಯ ಪೆರಿಯದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋಗಿ 2000ದಲ್ಲಿ ಸಿಂಪಡಣೆ ನಿಲ್ಲಿಸಿದರು. 2001ರಲ್ಲಿ ದೆಹಲಿಯ ಸಿಎಸ್‌ಇ, ಅಂದರೆ ವಿಜ್ಞಾನ ಮತ್ತು ಪರಿಸರ ಕೇಂದ್ರ ಎಂಬ ಸಂಸ್ಥೆ, ತನ್ನ ಲ್ಯಾಬಿನಲ್ಲಿ ಪರೀಕ್ಷಿಸಿ ನೀರಲ್ಲೂ ರಕ್ತದಲ್ಲೂ ವಿಷ ಇದೆ ಎಂದಿತು. ಕಾರ್ಪೊರೇಶನ್ ತಮಿಳುನಾಡಿನ ಸಂಸ್ಥೆಯೊಂದರಿಂದ ಮಾಡಿಸಿದ ಪರೀಕ್ಷೆ ವಿಷ ಇಲ್ಲ ಎಂದಿತು. ಊರು ಒಂದೇ, ವರ್ಷ ಒಂದೇ, ಉತ್ತರ ಎರಡು. ಯಾವುದನ್ನು ನಂಬೋದು?

ಜರ್ನಲ್‌ಗೆ ತೂಕ ಬಂದದ್ದು ಈ ಹಂತದಲ್ಲಿ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ತೋಟದ ಬುಡದ ಊರಿನ 117 ಹುಡುಗರನ್ನೂ, ಸಿಂಪಡಣೆ ಇಲ್ಲದ ಊರಿನ 90 ಹುಡುಗರನ್ನೂ ಹೋಲಿಸಿ ನೋಡಿದರು. ಅದು 2003ರಲ್ಲಿ ‘ಎನ್ವಿರಾನ್‌ಮೆಂಟಲ್ ಹೆಲ್ತ್ ಪರ್ಸ್‌ಪೆಕ್ಟಿವ್ಸ್’ ಎಂಬ ಅಮೆರಿಕದ ಜರ್ನಲ್‌ನಲ್ಲಿ ಬಂತು. ಎಂಡೋಸಲ್ಫಾನ್‌ನಿಂದ ಹುಡುಗರು ಪ್ರಾಯಕ್ಕೆ ಬರುವುದು ತಡವಾಗಬಹುದು ಎಂದಿತು ಲೇಖನ. ಪರೀಕ್ಷಿಸಿದವರ ಸಂಖ್ಯೆ ಕಡಿಮೆ, ಕೆಲವರು ಭಾಗವಹಿಸಲಿಲ್ಲ ಎಂದೂ ಲೇಖಕರೇ ಬರೆದಿದ್ದರು. ಮುಂದೆ ಅದೇ ಪತ್ರಿಕೆಯಲ್ಲಿ ತಕರಾರಿನ ಪತ್ರಗಳೂ ಅವಕ್ಕೆ ಉತ್ತರಗಳೂ ಬಂದವು. ಜಗಳ ನಿಲ್ಲಲಿಲ್ಲ. ಆದರೆ ಎಲ್ಲರೂ ಓದಿ ಪ್ರಶ್ನಿಸಬಹುದಾದ ಜಾಗಕ್ಕೆ ಬಂತು.

2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ, ಬಹುಕಾಲ ಉಳಿಯುವ ವಿಷಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು, ಕೆಲವು ಬೆಳೆಗಳಿಗೆ ಸ್ವಲ್ಪ ಕಾಲ ವಿನಾಯಿತಿ ಇಟ್ಟುಕೊಂಡು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ತಡೆ ಹಾಕಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದಿತು.

ಇದರ ನಡುವೆ 2013ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ನಲ್ಲಿ ಇಬ್ಬರು ಕೃಷಿ ವಿಜ್ಞಾನಿಗಳು ಕಾಸರಗೋಡಿನ ಆರೋಗ್ಯ ಅಧ್ಯಯನಗಳ ಲೆಕ್ಕವನ್ನೇ ಪ್ರಶ್ನಿಸಿದರು. ಹಾಸಿಗೆ ಹಿಡಿದ ಮಗುವನ್ನು ನೋಡಿಕೊಳ್ಳುವ ತಾಯಿಗೆ ಇಂಥದ್ದು ಹೇಗೆ ಕೇಳಿಸುತ್ತದೆ, ಹೇಳಬೇಕಾಗಿಲ್ಲ. ಆದರೂ ಅಚ್ಚಾಗಬೇಕಾದದ್ದೇ ಅದು. ಕಷ್ಟ ಬರುವುದು ಜರ್ನಲ್‌ನ ವಾದವನ್ನು ಹೊರಗಿನವರು ತೀರ್ಪಿನಂತೆ ಎತ್ತಿಕೊಂಡಾಗ. ಪರಿಹಾರದ ಪಟ್ಟಿಯಲ್ಲಿ ಯಾರ ಹೆಸರಿರಬೇಕು ಎಂದು ಹೇಳುವ ಕೆಲಸ ಸಂಶೋಧನಾ ಲೇಖನದ್ದಲ್ಲ.

ಇತ್ತೀಚಿನ ಬದಲಾವಣೆ ಹಣದ್ದು. 2010ರಲ್ಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಧ್ಯಾಪಕರ ಬಡ್ತಿಗೆ ಅಂಕದ ಪದ್ಧತಿ ತಂದ ಮೇಲೆ ಲೇಖನಗಳ ಸಂಖ್ಯೆಯ ಬೆನ್ನು ಹತ್ತಿದವರು ಹೆಚ್ಚಾದರು. ದುಡ್ಡು ಕೊಟ್ಟರೆ ಏನನ್ನೂ ಅಚ್ಚು ಹಾಕುವ ಪತ್ರಿಕೆಗಳೂ ಹೆಚ್ಚಾದವು. 2009ರಲ್ಲಿ ಸ್ವಿಟ್ಜರ್ಲೆಂಡಿನಿಂದ ಶುರುವಾದ ‘ಸಸ್ಟೈನಬಿಲಿಟಿ’ ಎಂಬ ಜರ್ನಲ್‌ ಅನ್ನು ಯಾರು ಬೇಕಾದರೂ ಪುಕ್ಕಟೆ ಓದಬಹುದು. ಬರೆಯುವವರು ಕೊಡಬೇಕಾದ ಶುಲ್ಕ 2 ಲಕ್ಷ ರೂಪಾಯಿ ಮೀರುತ್ತದೆ. ಅನೇಕ ಜರ್ನಲ್‌ಗಳದ್ದು ಇದಕ್ಕೆ ತಿರುಗುಮುರುಗು, ಓದುವವರೇ ಹಣ ಕೊಡಬೇಕು. ಕೇಂದ್ರ ಸರಕಾರ 2024ರಲ್ಲಿ 6,000 ಕೋಟಿ ರೂಪಾಯಿಯ ‘ಒಂದು ದೇಶ ಒಂದು ಚಂದಾ’ ಯೋಜನೆ ಒಪ್ಪಿತು. ಸುಮಾರು 13,000 ಜರ್ನಲ್‌ಗಳು ಸರಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ಸಿಗುತ್ತವೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಓದುವವರಿಗೆ ಒಳ್ಳೆಯದೇ. ಎಣ್ಮಕಜೆಯ ಕೃಷಿಕ ಆ ಲೆಕ್ಕದಲ್ಲಿಲ್ಲ.

ಅವನ ಕೈಗೆ ಸಿಗುವುದು ‘ಅಡಿಕೆ ಪತ್ರಿಕೆ’. 1988ರಲ್ಲಿ ಪುತ್ತೂರಿನಲ್ಲಿ ಹುಟ್ಟಿ, ಕೃಷಿಕರ ಕೈಗೇ ಲೇಖನಿ ಕೊಟ್ಟ ಪತ್ರಿಕೆ. ಶ್ರೀಪಡ್ರೆಯವರ ಹೆಸರು ಅದರ ಜೊತೆಗೇ ಬೆಳೆದದ್ದು. ಅದರಲ್ಲಿ ಬರೆದರೆ ಬಡ್ತಿಯ ಅಂಕ ಸಿಗುವುದಿಲ್ಲ, ಬಿಡಿ. ಆದರೆ ಬರೆದವರ ಅನುಭವ ತಪ್ಪಿದ್ದರೆ ಪಕ್ಕದ ತೋಟದವರೇ ಕೇಳುತ್ತಾರೆ. ಅದೂ ಒಂದು ಪರಿಶೀಲನೆಯೇ ಅಲ್ವಾ?

ಕೆಲವು ಅಂತಾರಾಷ್ಟ್ರೀಯ ಜರ್ನಲ್‌ಗಳು ಈಗ ಲೇಖನದ ಸಾರಾಂಶವನ್ನು ಬೇರೆ ಭಾಷೆಯಲ್ಲೂ ಸೇರಿಸಲು ಬಿಡುತ್ತವೆ. ಪಡ್ರೆಯಂಥ ಊರಿಂದ ರಕ್ತದ ಮಾದರಿ ಒಯ್ದವರು ಅಲ್ಲಿನವರಿಗೆ ಕನ್ನಡದಲ್ಲಿ, ಮಲಯಾಳದಲ್ಲಿ ಒಂದೊಂದು ಪುಟ ಬರೆದುಕೊಡುವುದಕ್ಕೆ 6,000 ಕೋಟಿಯೇನೂ ಬೇಡ.