ಬ್ರೆಟೊ ಇಂಡೆಕ್ಸ್ ತಲೆಗೆ ಹತ್ತಬೇಕಾದರೆ: ಲಾರ್ವಾ ಸಮೀಕ್ಷೆಯ ಟಿಪ್ಪಣಿ

ಡೆಂಗಿ, ಚಿಕೂನ್‌ಗುನ್ಯಾ, ಝೀಕಾ ಮೂರನ್ನೂ ಹರಡುವುದು ಈಡಿಸ್ ಸೊಳ್ಳೆ. ಹಗಲು ಕಚ್ಚುತ್ತದೆ, ಮನೆ ಸುತ್ತಮುತ್ತ ನಿಂತ ನೀರಲ್ಲಿ ಬೆಳೆಯುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಪರೀಕ್ಷೆಯಲ್ಲಿ ಕೈ ಕೊಡುವುದು ಈ ಸೊಳ್ಳೆಯ ಲಾರ್ವಾ (ನೀರಲ್ಲಿರುವ ಮರಿಹುಳ) ಎಷ್ಟು ಹರಡಿದೆ ಅಂತ ಅಳೆಯುವ ಮೂರು ಇಂಡೆಕ್ಸ್‌ಗಳ ಲೆಕ್ಕ.

ದಾವಣಗೆರೆಯ ಒಂದು ಬೀದಿ ಅಂದುಕೊಳ್ಳಿ. 50 ಮನೆ ನೋಡಿದಿರಿ. ಸಂಪು, ಡ್ರಮ್, ಹಂಡೆ, ಹೂಕುಂಡದ ತಟ್ಟೆ, ಫ್ರಿಜ್ ಹಿಂದಿನ ಟ್ರೇ ಎಲ್ಲ ಸೇರಿ ನೀರಿದ್ದ ಪಾತ್ರೆ 150. ಖಾಲಿ ಇದ್ದದ್ದನ್ನು ಎಣಿಸಬೇಡಿ. 6 ಮನೆಗಳ 9 ಪಾತ್ರೆಗಳಲ್ಲಿ ಲಾರ್ವಾ ಸಿಕ್ಕಿತು.

ಹೌಸ್ ಇಂಡೆಕ್ಸ್: 6 ÷ 50 × 100 = 12
ಕಂಟೈನರ್ ಇಂಡೆಕ್ಸ್: 9 ÷ 150 × 100 = 6
ಬ್ರೆಟೊ ಇಂಡೆಕ್ಸ್: 9 ÷ 50 × 100 = 18

ಮೊದಲೆರಡು ಸಲೀಸು. ಮನೆಗೆ ಮನೆ, ಪಾತ್ರೆಗೆ ಪಾತ್ರೆ. ಮೂರನೆಯದರಲ್ಲಿ ಮಾತ್ರ ಮೇಲೆ ಪಾತ್ರೆ, ಕೆಳಗೆ ಮನೆ. ಇದು ಶೇಕಡಾ ಅಲ್ಲ. ನೂರು ಮನೆಗೆ ಹುಳ ಇರುವ ಪಾತ್ರೆ ಎಷ್ಟು ಅನ್ನುವ ಲೆಕ್ಕ. ಹಾಗಾಗಿ ಉತ್ತರ ನೂರು ದಾಟಬಹುದು. 130 ಬಂತು ಅಂತ ಗಾಬರಿಯಾಗಿ ಹೊಡೆದುಹಾಕಬೇಡಿ.

ಮೇಲೊಂದು ಕೆಳಗೊಂದು ಯಾಕೆ ಬೇಕಿತ್ತು? ಅದೇ ಬೀದಿಗೆ ಬೇಸಿಗೆ ಬಂತು. ನಲ್ಲಿ ನೀರು ದಿನಾ ಬರಲ್ಲ. ಜನ ಬ್ಯಾರೆಲ್, ಕೊಡ, ಬಕೆಟ್ ಎಲ್ಲ ಸಾಲಾಗಿ ತುಂಬಿಡುತ್ತಾರೆ. ಪಾತ್ರೆ 300 ಆಯಿತು. ಹುಳ ಇರುವುದು ಅದೇ 9ರಲ್ಲಿ. ಈಗ ಕಂಟೈನರ್ ಇಂಡೆಕ್ಸ್ 3. ವರದಿ ನೋಡಿದವರು ಅರ್ಧಕ್ಕೆ ಇಳಿಯಿತು ಅಂತ ಖುಷಿಪಡುತ್ತಾರೆ. ಲಾರ್ವಾ ಇರುವ ಒಂದೇ ಒಂದು ಪಾತ್ರೆಯೂ ಕಡಿಮೆಯಾಗಿಲ್ಲ! ಬ್ರೆಟೊ ಆಗಲೂ 18, ಈಗಲೂ 18. ಚಿತ್ರದುರ್ಗದಂಥ ಬಯಲುಸೀಮೆಯಲ್ಲಿ ಕಂಟೈನರ್ ಇಂಡೆಕ್ಸ್ ಒಂದನ್ನೇ ನಂಬಬಾರದು ಅನ್ನುವುದು ಇದಕ್ಕೇ.

ಹೌಸ್ ಇಂಡೆಕ್ಸಿಗೂ ಒಂದು ಕುರುಡಿದೆ. 6 ಮನೆಗಳಲ್ಲಿ ಒಂದೊಂದು ಡ್ರಮ್‌ನಲ್ಲಿ ಹುಳ ಇದ್ದರೂ 12, ನಾಲ್ಕು ನಾಲ್ಕು ಡ್ರಮ್‌ನಲ್ಲಿ ಇದ್ದರೂ 12. ಬ್ರೆಟೊ ಮಾತ್ರ 12 ಮತ್ತು 48 ಅಂತ ಬೇರೆ ಮಾಡಿ ತೋರಿಸುತ್ತದೆ.

ತಾಳೆ ನೋಡಲು ನನ್ನ ಇಷ್ಟದ ದಾರಿ: ಕಂಟೈನರ್ ಇಂಡೆಕ್ಸನ್ನು ಮನೆಗೆ ಸರಾಸರಿ ಎಷ್ಟು ಪಾತ್ರೆಯೋ ಅದರಿಂದ ಗುಣಿಸಿ. 6 × 3 = 18. ಬೇಸಿಗೆಯಲ್ಲಿ 3 × 6 = 18. ಇನ್ನೊಂದು, ಬ್ರೆಟೊ ಯಾವತ್ತೂ ಹೌಸ್ ಇಂಡೆಕ್ಸ್‌ಗಿಂತ ಕಡಿಮೆ ಬರಲ್ಲ. ಬಂದರೆ ಎಲ್ಲೋ ಎಡವಿದ್ದೀರಿ.

ಆದರೂ ಸಂಪಿಗೂ ತೆಂಗಿನ ಚಿಪ್ಪಿಗೂ ಬ್ರೆಟೊದಲ್ಲಿ ಒಂದೇ ಅಂಕಿ, ಒಳಗೆ ಹುಳ ಎಷ್ಟೇ ಇರಲಿ. ಅದಕ್ಕೇ ಪ್ಯೂಪಾ (ಲಾರ್ವಾ ಸೊಳ್ಳೆಯಾಗುವ ಮುಂಚಿನ ಹಂತ) ಎಣಿಸುವ ಸಮೀಕ್ಷೆಯೂ ಇದೆ. ಇಂಡೆಕ್ಸ್ ಇಳಿದರೆ ರೋಗ ಹೋಯಿತು ಅಂತಲೂ ಅಲ್ಲ. ಸಿಂಗಾಪುರದಲ್ಲಿ ಹೌಸ್ ಇಂಡೆಕ್ಸ್ 2ರ ಆಸುಪಾಸಿಗೆ ಇಳಿದ ಮೇಲೂ ಡೆಂಗಿ ತಿರುಗಿ ಬಂತು.

ನಿಯಂತ್ರಣದ ಭಾಗ ಚಿಕ್ಕದು. ಮೊಟ್ಟೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ಸುಮ್ನೆ ನೀರು ಚೆಲ್ಲಿದರೆ ಸಾಲದು, ಉಜ್ಜಬೇಕು, ಅದೂ ವಾರಕ್ಕೊಮ್ಮೆ. ಖಾಲಿ ಮಾಡಲಾಗದ ಸಂಪಿಗೆ ಲಾರ್ವಾ ಕೊಲ್ಲುವ ಔಷಧಿ ಟೆಮಿಫಾಸ್, ಇಲ್ಲವೇ ಲಾರ್ವಾ ತಿನ್ನುವ ಗಪ್ಪಿ, ಗ್ಯಾಂಬೂಸಿಯಾ ಮೀನು. ಫಾಗಿಂಗ್ ಸಾಯಿಸುವುದು ಹಾರುವ ಸೊಳ್ಳೆಯನ್ನು ಮಾತ್ರ. ಹೊಗೆ ಬಿಟ್ಟ ಮಾರನೇ ದಿನ ಸಮೀಕ್ಷೆ ಮಾಡಿದರೆ ಮೂರು ಇಂಡೆಕ್ಸೂ ಹೆಚ್ಚುಕಮ್ಮಿ ಮೊದಲಿನಷ್ಟೇ ಇರುತ್ತವೆ.