ಪ್ರತಿಜನಕ ಯಾರ ಕಡೆಯದು?

“ಲಸಿಕೆ ಹಾಕಿಸಿಕೊಂಡರೆ ದೇಹದಲ್ಲಿ ಪ್ರತಿಜನಕಗಳು ಹುಟ್ಟಿ ಮಲೇರಿಯಾ ವಿರುದ್ಧ ಹೋರಾಡುತ್ತವೆ.” ಈ ಅರ್ಥದ ವಾಕ್ಯವನ್ನು ಈ ವಾರ ಮತ್ತೆ ಓದಿದೆ. ಕೋವಿಡ್ ಕಾಲದಲ್ಲೂ ಇದೇ ಗೊಂದಲವಿತ್ತು. ಆಂಟಿಜೆನ್ (ಅದೇ ಪ್ರತಿಜನಕ) ಪರೀಕ್ಷೆ ಪಾಸಿಟಿವ್ ಬಂತು, ಹಾಗಾದರೆ ಇನ್ನು ನಿರೋಧಕ ಶಕ್ತಿ ಬಂದಂತೆ ಎಂದು ನಂಬಿದವರನ್ನು ಕಂಡಿದ್ದೇನೆ. ಹೋರಾಡುವುದು ಪ್ರತಿಕಾಯ, ಅಂದರೆ ಆಂಟಿಬಾಡಿ, ಅದು ನಮ್ಮದು. ಪ್ರತಿಜನಕ ಎದುರಾಳಿಯ ಮೈಮೇಲಿನ ಗುರುತು. ಎರಡನ್ನೂ ಅದಲುಬದಲು ಮಾಡಿದರೆ ವಾಕ್ಯದ ಅರ್ಥವೇ ತಲೆಕೆಳಗಾಗುತ್ತದೆ.

ತಪ್ಪಿನ ಬೇರು ‘ಪ್ರತಿ’ಯಲ್ಲಿದೆ. ಪ್ರತಿವಿಷ ವಿಷವನ್ನು ಎದುರಿಸುತ್ತದೆ, ಪ್ರತಿಜೀವಕ ಬ್ಯಾಕ್ಟೀರಿಯಾವನ್ನು ಎದುರಿಸುತ್ತದೆ. ಅದೇ ಜಾಡಿನಲ್ಲಿ ಓದಿದವರಿಗೆ ಪ್ರತಿಜನಕವೂ ಏನನ್ನೋ ಎದುರಿಸುವ ವಸ್ತು ಎನಿಸುವುದು ಸಹಜ. ಆದರೆ ಇಲ್ಲಿ ಸಮಾಸ ಬಿಡಿಸುವ ಬಗೆ ಬೇರೆ. ಜರ್ಮನಿಯ ಪಾಲ್ ಎರ್ಲಿಕ್ 1891ರಲ್ಲಿ ‘ಆಂಟಿಕ್ಯೋರ್ಪರ್’ ಎಂಬ ಪದ ಬಳಸಿದರು. ಆಂಟಿ ಎಂದರೆ ಎದುರು, ಕ್ಯೋರ್ಪರ್ ಎಂದರೆ ದೇಹ. ನಮ್ಮ ಪ್ರತಿಕಾಯ ಅದರದೇ ಪಡಿಯಚ್ಚು. 1899ರಲ್ಲಿ ಹಂಗೇರಿಯ ಲಾಸ್ಲೊ ಡೆಟ್ರೆ ‘ಆಂಟಿಜೆನ್’ ಪದವನ್ನು ತಂದರು. ಅದು ‘ಆಂಟಿಸೊಮ್ಯಾಟೊಜೆನ್’ ಎಂಬ ಉದ್ದ ಪದದ ಮೊಟಕು ರೂಪ ಎಂದು ಕೆಲವು ವರ್ಷಗಳ ಬಳಿಕ ಅವರೇ ಬಿಡಿಸಿ ಹೇಳಿದರು. ಗ್ರೀಕ್ ಭಾಷೆಯ ‘ಸೋಮಾ’ ಎಂದರೆ ಕಾಯ. ‘ಜೆನ್’ ಸಂಸ್ಕೃತದ ‘ಜನ್’ ಧಾತುವಿನ ಒಡಹುಟ್ಟು. ಮೂರನ್ನೂ ಕನ್ನಡದಲ್ಲಿ ಸಾಲಾಗಿ ಇಟ್ಟು ನೋಡಿ: ಪ್ರತಿ-ಕಾಯ-ಜನಕ. ನಡುವಿನ ‘ಕಾಯ’ ಅಲ್ಲೂ ಬಿದ್ದುಹೋಗಿದೆ, ಇಲ್ಲೂ ಬಿದ್ದುಹೋಗಿದೆ. ಶಾಲೆಯಲ್ಲಿ ಮಧ್ಯಮಪದ ಲೋಪ ಕಲಿತವರು ಆ ಪದವನ್ನು ಮರಳಿ ಅದರ ಜಾಗದಲ್ಲಿಟ್ಟರೆ ಸಾಕು. ಪ್ರತಿಕಾಯದ ಹುಟ್ಟಿಗೆ ಕಾರಣವಾದದ್ದು ಪ್ರತಿಜನಕ. ಜನಕನನ್ನೇ ಮಗುವೆಂದು ಕರೆಯುವುದು ಸಣ್ಣ ತಪ್ಪಲ್ಲ.

ಮಲೇರಿಯಾ ಲಸಿಕೆಯನ್ನೇ ತೆಗೆದುಕೊಳ್ಳೋಣ. ಅನಾಫಿಲಿಸ್ ಸೊಳ್ಳೆ ಕಚ್ಚಿದಾಗ ಚರ್ಮದೊಳಗೆ ಇಳಿಯುವ ಪರಾವಲಂಬಿಯ ಮೈಯನ್ನು ಒಂದು ಪ್ರೋಟೀನ್ ದಟ್ಟವಾಗಿ ಮುಚ್ಚಿರುತ್ತದೆ. ಸರ್ಕಮ್‌ಸ್ಪೊರೊಜೋಯಿಟ್ ಪ್ರೋಟೀನ್ ಎಂಬ ಈ ಹೊದಿಕೆಯ ನೆರವಿನಿಂದಲೇ ಪರಾವಲಂಬಿ ಯಕೃತ್ತಿನ ಜೀವಕೋಶಗಳಿಗೆ ಅಂಟಿಕೊಳ್ಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿದ ಆರ್‌ಟಿಎಸ್,ಎಸ್ ಲಸಿಕೆಯಲ್ಲೂ 2023ರಲ್ಲಿ ಶಿಫಾರಸು ಮಾಡಿದ ಆರ್21 ಲಸಿಕೆಯಲ್ಲೂ ಇರುವುದು ಈ ಪ್ರೋಟೀನಿನ ಒಂದು ತುಣುಕು. ಅಂದರೆ ಸೂಜಿಯಲ್ಲಿ ಬರುವುದು ಪ್ರತಿಜನಕ. ಅದನ್ನು ಕಂಡು ಪ್ರತಿಕಾಯ ತಯಾರಿಸುವ ಕೆಲಸ ಲಸಿಕೆ ಪಡೆದ ಮಗುವಿನ ದೇಹದ್ದು.

ಪರೀಕ್ಷೆಯ ವಿಷಯಕ್ಕೆ ಬಂದರೆ, ಮಲೇರಿಯಾದ ಕಿಟ್ ಅನ್ನು ಹತ್ತಿರದಿಂದ ನೋಡಿದವರಿಗೆ ಈ ಗೊಂದಲ ಉಳಿಯುವುದಿಲ್ಲ. ಬೆರಳು ಚುಚ್ಚಿ ತೆಗೆದ ಒಂದು ಹನಿ ರಕ್ತ, ಮೇಲೆ ಕೆಲವು ಹನಿ ದ್ರಾವಣ. ಬಿಳಿ ಪಟ್ಟಿಯ ಮೇಲೆ ಕೆಂಪು ಮೆಲ್ಲನೆ ಹರಡುತ್ತಾ ಹೋಗಿ, ಕಾಲು ಗಂಟೆಯಲ್ಲಿ ಗೆರೆ ಮೂಡುತ್ತದೆ. ಆ ಗೆರೆಯ ಜಾಗದಲ್ಲಿ ಕಾರ್ಖಾನೆಯಲ್ಲೇ ಅಂಟಿಸಿಟ್ಟದ್ದು ಪ್ರತಿಕಾಯ. ಅದಕ್ಕೆ ಸಿಕ್ಕಿಬೀಳುವುದು ರೋಗಿಯ ರಕ್ತದಲ್ಲಿರುವ ಪ್ರತಿಜನಕ. ಮಲೇರಿಯಾ ಪರಾವಲಂಬಿಗಳಲ್ಲಿ ಫಾಲ್ಸಿಪಾರಂ, ವೈವಾಕ್ಸ್ ಎಂಬ ಬಗೆಗಳಿವೆ. ಫಾಲ್ಸಿಪಾರಂ ಹಿಡಿಯುವ ಗೆರೆ ಹುಡುಕುವುದು ಸಾಮಾನ್ಯವಾಗಿ ಎಚ್‌ಆರ್‌ಪಿ2 ಎಂಬ ಪ್ರೋಟೀನನ್ನು. ವೈವಾಕ್ಸ್ ಅದನ್ನು ತಯಾರಿಸುವುದೇ ಇಲ್ಲ, ಆದ್ದರಿಂದ ಮಂಗಳೂರಿನಂತಹ ವೈವಾಕ್ಸ್ ಊರಿಗೆ ಬೇರೆ ಗೆರೆಯೂ ಇರುವ ಕಿಟ್ ಬೇಕು. ಇನ್ನೊಂದು ಮಾತು: ಎಚ್‌ಆರ್‌ಪಿ2 ರಕ್ತಕ್ಕೆ ಸೇರಿ, ಪರಾವಲಂಬಿ ಸತ್ತ ಮೇಲೂ ವಾರಗಟ್ಟಲೆ ಅಲ್ಲೇ ಉಳಿಯುತ್ತದೆ. ಗೆರೆ ಮೂಡಿತು ಎಂದರೆ ಇಂದೇ ಜ್ವರದ ರೋಗಾಣು ಜೀವಂತವಿದೆ ಎಂದೂ ಅಲ್ಲ, ನಿರೋಧಕ ಶಕ್ತಿ ಬಂದಿದೆ ಎಂದಂತೂ ಅಲ್ಲವೇ ಅಲ್ಲ.

ಹಾಗೆಂದು ಪ್ರತಿಜನಕ ಎಂದರೆ ರೋಗಾಣು ಎಂದು ಬರೆಯುವುದೂ ತಪ್ಪು. ನಮ್ಮ ಕೆಂಪು ರಕ್ತಕಣಗಳ ಮೇಲೆ ‘ಡಫಿ ಪ್ರತಿಜನಕ’ ಎಂಬುದಿದೆ. 1950ರಲ್ಲಿ ಅದು ಬೆಳಕಿಗೆ ಬಂದದ್ದು ಹಲವು ಬಾರಿ ರಕ್ತ ಪಡೆದಿದ್ದ ಹಿಮೋಫಿಲಿಯಾ ರೋಗಿಯೊಬ್ಬರಿಂದ, ಹೆಸರೂ ಅವರದೇ. ದಾನಿಗಳ ಮೈಯಲ್ಲಿ ನಿರುಪದ್ರವಿಯಾಗಿದ್ದ ಆ ಪ್ರೋಟೀನ್, ಅದಿಲ್ಲದ ಅವರ ಮೈಗೆ ಪರಕೀಯವಾಗಿ ಕಂಡು ಪ್ರತಿಕಾಯ ಹುಟ್ಟಿಸಿತು. ಒಬ್ಬರಲ್ಲಿ ಸ್ವಂತದ್ದು, ಇನ್ನೊಬ್ಬರಲ್ಲಿ ಪ್ರತಿಜನಕ. ವೈವಾಕ್ಸ್ ಪರಾವಲಂಬಿ ತನ್ನ ಮೇಲ್ಮೈ ಪ್ರೋಟೀನಿನಿಂದ ಇದೇ ಡಫಿಯನ್ನು ಹಿಡಿದು ರಕ್ತಕಣದೊಳಗೆ ನುಗ್ಗುತ್ತದೆ. ಪಶ್ಚಿಮ ಆಫ್ರಿಕಾದ ಬಹುಪಾಲು ಜನರ ರಕ್ತಕಣಗಳಲ್ಲಿ ಡಫಿ ಇಲ್ಲ, ಅಲ್ಲಿ ವೈವಾಕ್ಸ್ ತೀರಾ ವಿರಳ.

ಕೊನೆಯದಾಗಿ ‘ರೂಪಾಂತರ’, ಅಂದರೆ ಮ್ಯುಟೇಶನ್. ಫಾಲ್ಸಿಪಾರಂ ಪ್ರತಿಜನಕ ಬದಲಿಸಿದಾಗಲೆಲ್ಲ ರೂಪಾಂತರ ಎಂದು ಬರೆಯುವುದನ್ನು ದಯವಿಟ್ಟು ನಿಲ್ಲಿಸಬೇಕು. ಓದುವವರು ಅದನ್ನು ಹೊಸ ತಳಿ ಎಂದುಕೊಳ್ಳುತ್ತಾರೆ. ಅಲ್ಲಿ ನಡೆಯುವುದು ವೇಷ ಬದಲಾವಣೆ. ಸೋಂಕಿದ ರಕ್ತಕಣದ ಹೊರಮೈಗೆ ಈ ಪರಾವಲಂಬಿ ಪಿಎಫ್‌ಇಎಂಪಿ1 ಎಂಬ ಪ್ರೋಟೀನನ್ನು ಕಳಿಸುತ್ತದೆ. ಅದರ ಸುಮಾರು 60 ನಮೂನೆಗಳ ಜೀನ್‌ಗಳು ಮೊದಲೇ ಪೆಟ್ಟಿಗೆಯಲ್ಲಿವೆ, ಒಮ್ಮೆಗೆ ಒಂದೇ ಹೊರಬರುತ್ತದೆ. ಒಂದು ವೇಷಕ್ಕೆ ಪ್ರತಿಕಾಯ ಸಿದ್ಧವಾಗುವ ಹೊತ್ತಿಗೆ ಇನ್ನೊಂದನ್ನು ತೊಟ್ಟ ಕಣಗಳು ಹೆಚ್ಚುತ್ತವೆ. ಈ ವೇಷಗಳಲ್ಲಿ ಒಂದಾದ ವಾರ್2ಸಿಎಸ್‌ಎ ಗರ್ಭಿಣಿಯರ ಮಾಸಿಗೆ ಅಂಟಿಕೊಳ್ಳುತ್ತದೆ. ಮಲೇರಿಯಾದ ನಡುವೆಯೇ ಬೆಳೆದ ಆಫ್ರಿಕಾದ ಹೆಣ್ಣಿನ ಮೈಯಲ್ಲಿ ಉಳಿದ ಹಲವು ವೇಷಗಳಿಗೆ ಪ್ರತಿಕಾಯಗಳಿದ್ದರೂ ಚೊಚ್ಚಲ ಬಸಿರಿನಲ್ಲಿ ಈ ಪ್ರತಿಜನಕ ಅವಳಿಗೆ ಅಪರಿಚಿತ, ಅಪಾಯ ಹೆಚ್ಚುವುದು ಆಗಲೇ. ಮುಂದಿನ ಬಸಿರುಗಳ ವೇಳೆಗೆ ಅದಕ್ಕೂ ಪ್ರತಿಕಾಯ ಹುಟ್ಟಿರುತ್ತದೆ.